ಈಜು ಕ್ಲಾಸು, ಊರಿನ ಕೆರೆ: ಕೊಡಗಿನಿಂದ ಹೊಸದಾಗಿ ಬಂದವರಿಗೆ

ಮಕ್ಕಳನ್ನು ಈಜು ಕ್ಲಾಸಿಗೆ ಸೇರಿಸಲು ಹೆಸರು ಬರೆಸುವುದು, ಫೀಸು ಕಟ್ಟುವುದು ಐದು ನಿಮಿಷದ ಕೆಲಸ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಕಳಿಸಬೇಡಿ, ಉದ್ದ ಕೂದಲಿಗೆ ಕ್ಯಾಪ್ ಹಾಕಿ, ಸಾಕು. ತಲೆಬಿಸಿ ಶುರುವಾಗುವುದು ಗ್ಯಾಲರಿಯಲ್ಲಿ ಕೂತ ಮೇಲೆ. ‘ಇಷ್ಟು ದಿನವಾಯ್ತು, ಇನ್ನೂ ನೀರಲ್ಲಿ ಮುಖ ಅದ್ದಿ ಗುಳ್ಳೆ ಬಿಡಿಸ್ತಾ ಇದ್ದಾರೆ’ ಎಂಬ ಗೊಣಗಾಟ ನಮ್ಮವರ ಬಾಯಲ್ಲೇ ಜಾಸ್ತಿ. ಸೊಂಟಕ್ಕೆ ಹಗ್ಗ ಕಟ್ಟಿ ಕೆರೆಗೆ ದೂಡಿ ಕಲಿಸಿದ್ದನ್ನು ಕಂಡವರಲ್ಲವೇ!

ಆ ಗುಳ್ಳೆಯೇ ಪಾಠ. ಉಸಿರು ಬಿಗಿಹಿಡಿದ ಮಗು ಮೇಲೆ ಬಂದಾಗ ಮೊದಲು ಉಸಿರು ಬಿಟ್ಟು ಆಮೇಲೆ ಎಳೆದುಕೊಳ್ಳಬೇಕು. ಅಷ್ಟು ಹೊತ್ತು ಮುಖ ಮೇಲಿರುವುದಿಲ್ಲ, ನೀರು ಕುಡಿಯುತ್ತದೆ. ನೀರೊಳಗೇ ಮೂಗಿನಿಂದ ಉಸಿರು ಬಿಟ್ಟಿದ್ದರೆ ಮೇಲೆ ಬಂದು ಎಳೆದುಕೊಳ್ಳುವುದಷ್ಟೇ ಬಾಕಿ.

ಮುಂದಿನದು ಅಂಗಾತ ತೇಲುವುದು. ಗದ್ದ ಮೇಲೆ, ಹೊಟ್ಟೆ ಮೇಲೆ, ಎರಡೂ ಕಿವಿ ನೀರೊಳಗೆ. ನಮ್ಮ ಮಕ್ಕಳು ಎಡವುವುದು ಇಲ್ಲೇ. ಕಿವಿಗೆ ನೀರು ಹೋಗದಂತೆ ಕೈ ಅಡ್ಡ ಹಿಡಿದು ಮೀಯಿಸಿ ಬೆಳೆಸಿರುತ್ತೇವೆ. ಕಿವಿಗೆ ತಣ್ಣಗೆ ತಾಗಿದ್ದೇ ತಡ, ಮಗು ತಲೆ ಎತ್ತುತ್ತದೆ. ತಲೆ ಎದ್ದರೆ ಸೊಂಟ ಇಳಿಯಿತು, ಅದರ ಹಿಂದೆ ಕಾಲೂ. ಮನೆಯ ಟಬ್ಬಿನಲ್ಲಿ ತಲೆಯಡಿ ಅಂಗೈ ಕೊಟ್ಟು, ಕಿವಿ ಮುಳುಗಿಸಿ ಮಲಗಿಸಿ ಅಭ್ಯಾಸ ಮಾಡಿಸಿ. ತೋಳಿಗೆ ಗಾಳಿ ತುಂಬಿದ ಪಟ್ಟಿ ಮಾತ್ರ ಬೇಡ. ಅದು ಮಗುವನ್ನು ನೆಟ್ಟಗೆ ನಿಲ್ಲಿಸುತ್ತದೆ. ಮುಳುಗುವವರ ಭಂಗಿಯೂ ಅದೇ.

ಆಮೇಲೆ ನೀರಿಗೆ ಬಿದ್ದ ಕೂಡಲೇ ತಿರುಗಿ ಗೋಡೆ ಹಿಡಿಯುವುದು, ಮೊಣಕೈ, ಮೊಣಕೈ, ಹೊಟ್ಟೆ, ಮೊಣಕಾಲು ಎಂದು ಹತ್ತುವುದು, ಕೇಳದೆ ಇಳಿಯದಿರುವುದು. ಕೈಕಾಲು ಬಡಿದು ಹೋಗುವ ದೂರಕ್ಕಿಂತ ಇವಕ್ಕೆ ಬೆಲೆ ಹೆಚ್ಚು. ಇಂಗ್ಲೆಂಡಿನ ಪ್ರಾಥಮಿಕ ಶಾಲೆಯ ಪಠ್ಯಕ್ರಮ 25 ಮೀಟರ್ ಈಜಿನ ಜೊತೆಗೆ ತನ್ನನ್ನು ತಾನೇ ಪಾರುಮಾಡಿಕೊಳ್ಳುವುದನ್ನೂ ಕೇಳುತ್ತದೆ. ನೆದರ್‌ಲ್ಯಾಂಡ್ಸ್‌ನಲ್ಲಂತೂ ಈಜಿನ ಸರ್ಟಿಫಿಕೇಟಿಗೆ ಬಟ್ಟೆ ತೊಟ್ಟೇ ಈಜಿ ತೋರಿಸಬೇಕು. ಫೋಟೋ ತೆಗೆದು ಅಜ್ಜಿಗೆ ಕಳಿಸುವ ಸರ್ಟಿಫಿಕೇಟು ಇಲ್ಲಿಯ ಈಜುಕೊಳದ ನೀರಿಗೆ ಸಿಕ್ಕಿದ್ದು. ಬೆಚ್ಚಗಿನ, ತಳ ಕಾಣುವ, ಹಿಡಿಯಲು ಅಂಚಿರುವ ನೀರು.

ರಜೆಗೆ ಕೊಡಗಿಗೆ ಹೋದಾಗ ತೋಟದ ಕೆರೆಗೆ ಆ ಅಂಚಿಲ್ಲ. ಫೆಬ್ರುವರಿ, ಮಾರ್ಚಿನಲ್ಲಿ ಕಾಫಿ ಹೂವಿಗೆಂದು ಸ್ಪ್ರಿಂಕ್ಲರ್‌ಗೆ ನೀರು ಎಳೆದ ಮೇಲೆ ಬದಿಯ ಹೂಳು ಹೊರಬೀಳುತ್ತದೆ, ಕಾಲಿಟ್ಟರೆ ಮೊಣಕಾಲವರೆಗೆ ಹೂತುಹೋಗುತ್ತದೆ. ಪ್ಲಾಸ್ಟಿಕ್ ಹಾಸಿದ ಹೊಂಡ ಇನ್ನೂ ಕೆಟ್ಟದ್ದು: ಪಾಚಿ ಕಟ್ಟಿದ ಆ ಇಳಿಜಾರಿನಲ್ಲಿ ಈಜು ಬಲ್ಲ ದೊಡ್ಡವರಿಗೂ ಹತ್ತಲಾಗದು. ಅಲ್ಲಲ್ಲಿ ಗಂಟು ಹಾಕಿದ ಹಗ್ಗವನ್ನು ದಡದ ಮರಕ್ಕೆ ಬಿಗಿದು ನೀರಿಗೆ ಇಳಿಬಿಡಲು ಮನೆಯವರಿಗೆ ಮೊದಲೇ ಹೇಳಿ. ‘ನಮ್ಮ ಕೆರೆಗೆ ಯಾರು ಬೀಳ್ತಾರೆ’ ಎಂದು ನಗುತ್ತಾರೆ, ನಗಲಿ.

ಅಜ್ಜನ ಮನೆಯ ಕೆರೆಯೂ ನೋಡಿ ಬರುವ ಜಾಗವಾಯಿತಲ್ಲ ಎಂದು ಬೇಜಾರಾಗುತ್ತದೆ. ಆದರೆ ಯಾವ ಬದಿ ಆಳ, ಎಲ್ಲಿ ಕೆಸರು ಎಂಬುದು ಅಲ್ಲೇ ಬೆಳೆದವರಿಗೆ ಕಾಲಿನಲ್ಲೇ ಗೊತ್ತು. ಎರಡು ವಾರಕ್ಕೆ ಬಂದ ಮಗುವಿಗೆ ಗೊತ್ತಿರುವುದಿಲ್ಲ. ದಡದಲ್ಲಿ ಹತ್ತು ಜನ ನೆಂಟರಿದ್ದರೆ ಎಲ್ಲರೂ ನೋಡುತ್ತಿದ್ದಾರೆ ಎಂದುಕೊಳ್ಳುವುದು ಬೇಡ. ಮುಳುಗುವ ಮಗು ಕೂಗುವುದಿಲ್ಲ. ಒಬ್ಬರನ್ನು ಹೆಸರು ಹಿಡಿದು ನೇಮಿಸಿ, ಕೈಗೆಟಕುವಷ್ಟು ಹತ್ತಿರ, ಮೊಬೈಲ್ ಬಿಟ್ಟು. ಇನ್ನು ಮಳೆಗಾಲದ ಹೊಳೆ: ಭಾಗಮಂಡಲದ ಮೇಲೆ ಸುರಿದ ಮಳೆಗೆ, ಬಿಸಿಲಿರುವ ಕೆಳಗಿನ ಊರಲ್ಲೂ ಕಾವೇರಿ ಏರುತ್ತಾಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಕ್ಕಳನ್ನು ಹೊಳೆಗೆ ಇಳಿಸಲೇಬೇಡಿ, ಎಷ್ಟು ಬ್ಯಾಡ್ಜ್ ಇದ್ದರೂ.