ಆಸ್ಟ್ರೇಲಿಯಾದವರ ಜೊತೆ ಕ್ರಿಕೆಟ್ ಜಗಳ ಆಡುವುದು ಹೇಗೆ

2023ರ ನವೆಂಬರ್ 19ರಂದು ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಪರದೆ ಕಟ್ಟಿ ಭಾರತ-ಆಸ್ಟ್ರೇಲಿಯಾ ವಿಶ್ವಕಪ್ ಫೈನಲ್ ಹಾಕಿದ್ದೆವು. ಆಸ್ಟ್ರೇಲಿಯಾದ ಟ್ರಾವಿಸ್ ಹೆಡ್ 137 ಹೊಡೆದ, ನಾವು ಸೋತೆವು. ಮ್ಯಾಚ್ ಮುಗಿದಾಗ ಪಟಾಕಿ ಡಬ್ಬಿ ಒಡೆದಿರಲಿಲ್ಲ, ಮಿರ್ಚಿ ತಣ್ಣಗಾಗಿ ಬಿದ್ದಿತ್ತು. ನನ್ನ ಅಣ್ಣನ ಮಗ ಮಾತ್ರ ಮೂಲೆಯಲ್ಲಿ ಕೂತು ಮೊಬೈಲ್ ಒತ್ತುತ್ತಿದ್ದ. ಇಣುಕಿ ನೋಡಿದರೆ ಹೆಡ್‌ನ ಹೆಂಡತಿಯ ಫೋಟೊ ಕೆಳಗೆ ಬೈಗುಳ ಬರೆಯುತ್ತಿದ್ದಾನೆ. ಫೋಟೊದಲ್ಲಿ ಸಣ್ಣ ಕೂಸೂ ಇತ್ತು.

"ಕಾಕಾ, ಅವರೆಲ್ಲಾ ಹಂಗ ಇರ್ತಾರ. ಸೊಕ್ಕಿನ ಮಂದಿ" ಅಂದ.

ಮೊಬೈಲ್ ಕಸಿದುಕೊಂಡು ಅಳಿಸಿದೆ. ಮರುದಿನ ಅವನನ್ನು ಕೂರಿಸಿಕೊಂಡು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಜಗಳ ಬಿಡಿ ಅಂತ ಹೇಳುವುದಿಲ್ಲ. ಆ ಜಿದ್ದು ಇಲ್ಲದಿದ್ದರೆ ಮೆಲ್ಬರ್ನ್ ಟೆಸ್ಟ್ ಅಂತ ಚಳಿಯಲ್ಲಿ ಬೆಳಗ್ಗೆ ಐದಕ್ಕೆ ಯಾರು ಏಳುತ್ತಾರೆ? ಆದರೆ ಜಗಳ ಆಟದ್ದೇ ಇರಲಿ.

ಮೊದಲು "ಅವರೆಲ್ಲಾ" ಅನ್ನುವ ಮಾತು ತೆಗೆಯಿರಿ. "ಆಸ್ಟ್ರೇಲಿಯಾದವರು ಮೋಸಗಾರರು" ಅಂತ ಬರೆಯಬೇಕು ಅನಿಸಿದಾಗ ಯಾರು, ಯಾವ ಮ್ಯಾಚು ಅಂತ ಹೆಸರು ಹಿಡಿದು ಬರೆಯಿರಿ. 2018ರಲ್ಲಿ ಕೇಪ್‌ಟೌನ್‌ನಲ್ಲಿ ಚೆಂಡಿಗೆ ಸ್ಯಾಂಡ್‌ಪೇಪರ್ ಉಜ್ಜಿದ್ದು ನಿಜ, ಆದರೆ ಸ್ಮಿತ್ ಮತ್ತು ವಾರ್ನರ್‌ನನ್ನು ಒಂದು ವರ್ಷ ಹೊರಗೆ ಕೂರಿಸಿದ್ದು ಅವರದೇ ಬೋರ್ಡ್. 2003ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಅಂಪೈರ್ ನಾಟೌಟ್ ಅಂದರೂ ಬ್ಯಾಟ್ ತಾಗಿದೆ ಅಂತ ತಾನಾಗಿ ನಡೆದುಹೋದ ಗಿಲ್‌ಕ್ರಿಸ್ಟ್ ಕೂಡ ಅದೇ ದೇಶದವನು ಅಲ್ವಾ?

ಆಮೇಲೆ, ಅವರು ನಮ್ಮ ಬಗ್ಗೆ ಏನಂತಾರೆ ಅಂತ ತಿಳಿದುಕೊಂಡು ಉತ್ತರ ಇಟ್ಟುಕೊಳ್ಳಿ. ಸಿಟ್ಟಿನ ಉತ್ತರ ಬೇಡ, ಸ್ಕೋರ್‌ಕಾರ್ಡ್ ಸಾಕು. "ನೀವು ನಿಮಗೆ ಬೇಕಾದ ಹಾಗೆ ಸ್ಪಿನ್ ಪಿಚ್ ಮಾಡಿಕೊಳ್ಳುತ್ತೀರಿ" ಅಂದರೆ ಸುಳ್ಳು ಅಂತ ಕೂಗಬೇಡಿ. 2023ರ ಇಂದೋರ್ ಟೆಸ್ಟ್ ಮೂರನೇ ದಿನಕ್ಕೇ ಮುಗಿಯಿತು. ಆ ಪಿಚ್‌ನಲ್ಲಿ ಗೆದ್ದದ್ದು ಅವರೇ, 9 ವಿಕೆಟ್‌ನಿಂದ. ಅದನ್ನು ಒಪ್ಪಿಕೊಂಡೇ ಮಾತಾಡಿ.

"ನಮ್ಮ ನೆಲಕ್ಕೆ ಬಂದರೆ ನೀವು ಹೆದರುತ್ತೀರಿ" ಅಂದಾಗ ಎರಡು ತಾರೀಖು ಹೇಳಿ. 2020ರ ಡಿಸೆಂಬರ್ 19, ಅಡಿಲೇಡ್, ನಾವು 36ಕ್ಕೆ ಆಲೌಟ್. ಸರಿಯಾಗಿ ಒಂದು ತಿಂಗಳಿಗೆ, 2021ರ ಜನವರಿ 19, ಬ್ರಿಸ್ಬೇನ್‌ನ ಗಾಬಾ ಮೈದಾನ. ಅಲ್ಲಿ ಅವರು 1988ರಿಂದ ಟೆಸ್ಟ್ ಸೋತಿರಲಿಲ್ಲ. 328 ಬೆನ್ನಟ್ಟಿ ಗೆದ್ದೆವು, ಪಂತ್ 89 ನಾಟೌಟ್. ಮೊದಲನೇ ತಾರೀಖು ನೀವೇ ಹೇಳಿದರೆ ಎರಡನೆಯದಕ್ಕೆ ತೂಕ ಬರುತ್ತದೆ.

"ಇಂಡಿಯಾದವರಿಗೆ ಸ್ಟಾರ್‌ಗಳಷ್ಟೇ ಬೇಕು, ಆಟ ಬೇಡ" ಅನ್ನುವುದು ಇನ್ನೊಂದು ಮಾತು. ಇದಕ್ಕೆ ನಾನು ದೊಡ್ಡ ಸ್ಟಾರ್ ಅಲ್ಲದ ಗದಗಿನ ಸ್ಪಿನ್ನರ್ ಸುನೀಲ್ ಜೋಶಿ ಹೆಸರು ಹೇಳುತ್ತೇನೆ. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ಮೇಲೆ 10 ಓವರ್, 6 ರನ್, 5 ವಿಕೆಟ್. ನಮ್ಮ ಕಡೆ ಚಹಾ ಅಂಗಡಿಯಲ್ಲಿ ಈ ಅಂಕಿ ಹೇಳಿ ನೋಡಿ, ಎರಡು ಚಹಾ ಆಗುವವರೆಗೆ ಮಾತು ಮುಗಿಯುವುದಿಲ್ಲ.

ಬಣ್ಣದ ಮಾತು ಮಾತ್ರ ಯಾವತ್ತೂ ಬೇಡ. 2021ರಲ್ಲಿ ಸಿಡ್ನಿಯಲ್ಲಿ ಬೌಂಡರಿ ಹತ್ತಿರ ನಿಂತಿದ್ದ ನಮ್ಮ ಬೌಲರ್ ಸಿರಾಜ್ ಪ್ರೇಕ್ಷಕರ ಬೈಗುಳ ಕೇಳಿ ಅಂಪೈರ್‌ಗೆ ಹೇಳಿದ, ಆಟ ನಿಂತಿತು, ಆರು ಜನರನ್ನು ಹೊರಗೆ ಕಳಿಸಿದರು. ನನಗೆ ಮೈಯೆಲ್ಲಾ ಉರಿದಿತ್ತು. ಆದರೆ 2007ರಲ್ಲಿ ವಡೋದರಾ ಮತ್ತು ಮುಂಬೈಯಲ್ಲಿ ಆಸ್ಟ್ರೇಲಿಯಾದ ಆಟಗಾರ ಆಂಡ್ರ್ಯೂ ಸೈಮಂಡ್ಸ್‌ಗೆ ಕೋತಿಯ ಸದ್ದು ಮಾಡಿದ್ದು ನಮ್ಮ ಜನ. ಸಿಡ್ನಿ ವಿಷಯ ಎತ್ತುವಾಗ ಅದನ್ನೂ ಜೊತೆಗೇ ಹೇಳಿ. ಮುಚ್ಚಿಟ್ಟರೆ ಎದುರಿನವನು ತೆಗೆಯುತ್ತಾನೆ, ಆಗ ಸಿರಾಜ್‌ಗೆ ಆದ ಅನ್ಯಾಯವೂ ಸುಮ್ನೆ ವಾದದ ಸರಕಾಗಿಬಿಡುತ್ತದೆ.

ಏನು ಹೇಳಬಹುದು, ಏನು ಹೇಳಬಾರದು ಅಂತ ಗೊತ್ತಾಗದಿದ್ದರೆ ಆಸ್ಟ್ರೇಲಿಯಾದ ಬೌಲರ್ ಹೇಜಲ್‌ವುಡ್‌ನನ್ನು ನೆನೆಸಿಕೊಳ್ಳಿ. ಆ 36ರಲ್ಲಿ 8 ರನ್‌ಗೆ 5 ವಿಕೆಟ್ ಕಿತ್ತವನು ಅವನೇ. ಅವತ್ತು ನಮ್ಮ ಓಣಿ ಅವನನ್ನು ಬೈದದ್ದು ಬರೆಯುವಂಥದ್ದಲ್ಲ. 2025ರಲ್ಲಿ ಅವನೇ ಆಡಿದ ಆರ್‌ಸಿಬಿ ಐಪಿಎಲ್ ಕಪ್ ಗೆದ್ದಾಗ ಅದೇ ಓಣಿ ಅವನ ಹೆಸರು ಕೂಗುತ್ತಾ ಕುಣಿಯಿತು. ನಾಳೆ ಆರ್‌ಸಿಬಿಯ ಕೆಂಪು ಜೆರ್ಸಿ ಹಾಕಿಕೊಂಡು ಬಂದರೆ ಅವನ ಮುಖ ನೋಡಿ ಹೇಳಲು ಆಗದ ಮಾತನ್ನು ಇವತ್ತು ಆಸ್ಟ್ರೇಲಿಯಾದ ಹಳದಿ ಜೆರ್ಸಿಗೂ ಹೇಳಬೇಡಿ. ಬಿಟ್ಟ ಕ್ಯಾಚು, ಸುಮ್ನೆ ಕಳೆದುಕೊಂಡ ರಿವ್ಯೂ, ಇವನ್ನೆಲ್ಲಾ ಎಷ್ಟು ಬೇಕಾದರೂ ಆಡಿಕೊಳ್ಳಿ. ಜಾಸ್ತಿ ಜಂಭ ಮಾಡಿದರೆ "ಫಾಲೋ ಆನ್ ಕೊಡುತ್ತೀರಾ?" ಅಂತ ಕೇಳಿ. 2001ರಲ್ಲಿ ಕೋಲ್ಕತ್ತಾದಲ್ಲಿ ಅವರು ಫಾಲೋ ಆನ್ ಕೊಟ್ಟು, ಅಂದರೆ ನಮ್ಮನ್ನು ಬೆನ್ನಬೆನ್ನಿಗೇ ಮತ್ತೆ ಬ್ಯಾಟಿಂಗ್‌ಗೆ ಇಳಿಸಿ, ಕೊನೆಗೆ ತಾವೇ ಸೋತರು. ಆ ಲಕ್ಷ್ಮಣ್ 281, ದ್ರಾವಿಡ್ 180 ಗೊತ್ತಿದ್ದ ಆಸ್ಟ್ರೇಲಿಯಾದವನು ತಾನೂ ನಗುತ್ತಾನೆ.

ಸೋತ ರಾತ್ರಿ ಏನೂ ಬರೆಯಬೇಡಿ. ಮೊಬೈಲ್ ಅವ್ವನ ಕೈಗೆ ಕೊಟ್ಟು ಮಲಗಿ. ಗೆದ್ದ ರಾತ್ರಿ ಎದುರಿನವನ ಆಟದ ಬಗ್ಗೆ ಒಂದು ಮಾತು ಮೊದಲು ಹೇಳಿ. 2025ರ ಅಕ್ಟೋಬರ್ 30ರಂದು ನಮ್ಮ ಹುಡುಗಿಯರು ವಿಶ್ವಕಪ್ ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯಾದ 338 ದಾಟಿದಾಗ ಅಣ್ಣನ ಮಗ ಮೆಲ್ಬರ್ನ್‌ನ ಹುಡುಗನೊಬ್ಬನಿಗೆ "ನಿಮ್ಮ ಲಿಚ್‌ಫೀಲ್ಡ್ ಸೆಂಚುರಿ ಭಾರಿ ಇತ್ತು" ಅಂತ ಬರೆದ. ಅಲ್ಲಿ ಇನ್ನೂ ನಸುಕು. ಆ ಹುಡುಗ ಎದ್ದೇ ಕೂತಿದ್ದ, ಜೆಮಿಮಾಳ 127ರ ಬಗ್ಗೆ ಕೇಳತೊಡಗಿದ. ಒಂದು ತಾಸು ಇಬ್ಬರೂ ಬರೆದುಕೊಳ್ಳುತ್ತಲೇ ಇದ್ದರು, ಊಟಕ್ಕೆ ಕರೆದರೂ ಇವನು ಏಳಲಿಲ್ಲ.