ಲಸಿಕೆ ಹಾಕಿಸಿದ ಮೇಲಿನ ಒಂದು ಗಂಟೆ

ನನ್ನ ಫೆರೆಟ್ (ಮುಂಗುಸಿಯ ಹಾಗೆ ಕಾಣುವ ಸಾಕುಪ್ರಾಣಿ) ಮಿಣಿ ಮರಿಯಾಗಿದ್ದಾಗ ಅವಳಿಗೆ ಡಿಸ್ಟೆಂಪರ್ ಎಂಬ ವೈರಸ್ ರೋಗದ ಲಸಿಕೆ ಮೂರು ಸಲ, ರೇಬೀಸ್ ಒಂದು ಸಲ ಹಾಕಿಸಿದ್ದೆ. ಏನೂ ಆಗಿರಲಿಲ್ಲ. ಅದೇ ಧೈರ್ಯದ ಮೇಲೆ ಮರುವರ್ಷ ಎರಡನ್ನೂ ಒಂದೇ ದಿನ ಹಾಕಿಸಿದೆ. ಎರಡೆರಡು ಸಲ ಅವಳನ್ನು ಯಾಕೆ ಅಲೆದಾಡಿಸಬೇಕು ಅನ್ನಿಸಿತ್ತು.

ಇಂಜೆಕ್ಷನ್ ಆಗಿ 20 ನಿಮಿಷ ಆಗಿರಬಹುದು. ಬಿಲ್ ಆಗಿರಲಿಲ್ಲ, ಕ್ಲಿನಿಕ್ಕಿನ ಬೆಂಚಿನ ಮೇಲೇ ಇದ್ದೆವು. ಮಿಣಿ ಮುಂಗಾಲಿನಿಂದ ಬಾಯಿ ಉಜ್ಜಿಕೊಳ್ಳತೊಡಗಿದಳು. ಬಾಲದ ಕೂದಲು ಬಾಟಲಿ ತೊಳೆಯುವ ಬ್ರಷ್‌ನ ಹಾಗೆ ನಿಂತಿತ್ತು. ಹೆದರಿದ್ದಾಳೆ ಅಂದುಕೊಂಡೆ. ಫೆರೆಟ್ ಹೆದರಿದರೂ ಬಾಲ ಹಾಗೇ ಆಗುತ್ತದೆ ಅಲ್ವಾ? ಅಷ್ಟರಲ್ಲಿ ಜೊಲ್ಲು ಸುರಿಯಿತು, ಎರಡು ಸಲ ವಾಂತಿ ಆಯಿತು, ಆಮೇಲೆ ರಕ್ತ ಬೆರೆತ ಭೇದಿ. ಎತ್ತಿಕೊಂಡು ತುಟಿ ಸರಿಸಿ ನೋಡಿದರೆ ಒಸಡು ಬಿಳಿಚಿತ್ತು. ಫೆರೆಟ್ ನಿದ್ದೆಯಲ್ಲಿ ಜೋತುಬೀಳುವುದು ನನಗೆ ಗೊತ್ತು. ಇದು ಹಾಗಿರಲಿಲ್ಲ. ಕಣ್ಣು ತೆರೆದೇ ಇತ್ತು, ಮೈಯಲ್ಲಿ ಬಿಗಿಯೇ ಇರಲಿಲ್ಲ.

ಡಾಕ್ಟರ್ ಒಂದು ಕ್ಷಣವೂ ಕಾಯಲಿಲ್ಲ. ಲಸಿಕೆಯ ಅಲರ್ಜಿ ಅಂತ ಎಪಿನೆಫ್ರಿನ್, ಅಲರ್ಜಿ ತಡೆಯುವ ಡೈಫೆನ್‌ಹೈಡ್ರಮೈನ್, ಸ್ಟೀರಾಯ್ಡ್ ಕೊಟ್ಟು, ಆಕ್ಸಿಜನ್ ಇಟ್ಟು, ಡ್ರಿಪ್ ಹಾಕಿದರು. ಸಂಜೆಯ ಹೊತ್ತಿಗೆ ತಲೆ ಎತ್ತಿದಳು. ನಾವು ಆಗಲೇ ಹೊರಟು ದಾರಿಯಲ್ಲಿ ಇದ್ದಿದ್ದರೆ ಅನ್ನುವ ಯೋಚನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಹಿಂದಿನ ಡೋಸ್‌ಗಳು ಸುಸೂತ್ರವಾಗಿ ಆದವು ಅನ್ನುವುದು ಧೈರ್ಯಕ್ಕೆ ಕಾರಣವೇ ಅಲ್ಲ, ಇದು ಆಮೇಲೆ ನನಗೆ ಅರ್ಥವಾಯಿತು. ಲಸಿಕೆ ಹಾಕಿಸಿದ ಸಲ ಹೆಚ್ಚಾದಷ್ಟೂ ಅಲರ್ಜಿ ಆಗುವ ಸಾಧ್ಯತೆಯೂ ಹೆಚ್ಚು. ಹಾಗಂತ ಸುಮ್ನೆ ಬಿಟ್ಟುಬಿಡುವ ಹಾಗೂ ಇಲ್ಲ. ಡಿಸ್ಟೆಂಪರ್ ತಗುಲಿದ ಫೆರೆಟ್ ಉಳಿಯುವುದೇ ಇಲ್ಲ ಅನ್ನಬಹುದು.

ಹಾಗಾಗಿ ಹಾಕಿಸುವ ರೀತಿ ಬದಲಿಸಿದೆವು. ಎರಡು ಲಸಿಕೆಗಳ ನಡುವೆ ಮೂರು ವಾರ ಅಂತರ. ಬೆಳಗಿನ ಹೊತ್ತೇ ಹೋಗುವುದು, ಯಾಕೆಂದರೆ ಪ್ರತಿಕ್ರಿಯೆ ಕೆಲವೊಮ್ಮೆ ಗಂಟೆಗಳ ನಂತರವೂ ಬರುತ್ತದೆ, ಆಗ ಕ್ಲಿನಿಕ್ ತೆರೆದಿರಬೇಕು. ಲಸಿಕೆಗೆ ಸುಮಾರು 20 ನಿಮಿಷ ಮೊದಲು ಡಾಕ್ಟರೇ ತೂಕ ನೋಡಿ ಡೈಫೆನ್‌ಹೈಡ್ರಮೈನ್ ಕೊಡುತ್ತಾರೆ. ಇದರಿಂದ ಅಪಾಯ ಪೂರ್ತಿ ತಪ್ಪುವುದಿಲ್ಲ, ಆದ್ದರಿಂದ ಆಮೇಲೆ ಒಂದು ಗಂಟೆ ಅಲ್ಲೇ ಕೂರುತ್ತೇನೆ, ಐದೈದು ನಿಮಿಷಕ್ಕೆ ಒಸಡು ನೋಡುತ್ತೇನೆ. ಯಾವ ಕಂಪನಿಯ ಲಸಿಕೆ, ಬ್ಯಾಚ್ ನಂಬರ್ ಎಷ್ಟು ಅಂತ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ.

ಮನೆಯಲ್ಲಿರುವ ಅಲರ್ಜಿ ಸಿರಪ್ ಸಾಕಲ್ವಾ ಅಂತ ಕೆಲವರು ಕೇಳುತ್ತಾರೆ. ದಯವಿಟ್ಟು ಅದನ್ನು ನಂಬಿ ಕೂರಬೇಡಿ. ವಾಂತಿ ಮಾಡುತ್ತಿರುವ ಪ್ರಾಣಿಯ ಹೊಟ್ಟೆಯಲ್ಲಿ ಸಿರಪ್ ನಿಲ್ಲುವುದಿಲ್ಲ. ಮನುಷ್ಯರ ಸಿರಪ್‌ಗಳಲ್ಲಿ ಕೆಲವಕ್ಕೆ ಆಲ್ಕೋಹಾಲೋ ಸಿಹಿಗೆ ಹಾಕುವ ಕ್ಸೈಲಿಟಾಲೋ ಸೇರಿಸಿರುತ್ತಾರೆ, ಅವು ಫೆರೆಟ್‌ಗೆ ಅಪಾಯ. ಒಂದು ಕಿಲೋ ತೂಗುವ ಮೈಗೆ ಕಣ್ಣಳತೆಯಲ್ಲಿ ಔಷಧಿ ಕೊಡಲಿಕ್ಕೂ ಆಗುವುದಿಲ್ಲ.

ಕಳೆದ ವರ್ಷ ಹೀಗೆ ಹಾಕಿಸಿದಾಗ ಡಿಸ್ಟೆಂಪರ್‌ಗೆ ಏನೂ ಆಗಲಿಲ್ಲ. ರೇಬೀಸ್ ಆದ ಮೇಲೆ ಒಂದು ಸಲ ಭೇದಿ ಆಯಿತು, ಅಷ್ಟೇ. ಈ ವರ್ಷ ಮೊದಲು ಡಿಸ್ಟೆಂಪರ್‌ಗೆ ರಕ್ತದ ಟೈಟರ್ ಪರೀಕ್ಷೆ (ರಕ್ತದಲ್ಲಿ ರೋಗದ ವಿರುದ್ಧದ ಪ್ರತಿಕಾಯ ಎಷ್ಟಿದೆ ಅಂತ ನೋಡುವುದು) ಮಾಡಿಸಿದೆವು. ರೋಗನಿರೋಧಕ ಶಕ್ತಿ ಸಾಕಷ್ಟಿದೆ ಅಂತ ಬಂತು, ಡಾಕ್ಟರ್ ಆ ಡೋಸ್ ಬೇಡ ಅಂದರು. ರೇಬೀಸ್ ಮುಂದಿನ ತಿಂಗಳು ಇದೆ. ಬೆಳಗ್ಗೆ 9 ಗಂಟೆಗೇ ಅಪಾಯಿಂಟ್‌ಮೆಂಟ್ ತೆಗೆದುಕೊಂಡಿದ್ದೇನೆ, ಆ ದಿನ ಬೇರೆ ಯಾವ ಕೆಲಸವನ್ನೂ ಇಟ್ಟುಕೊಂಡಿಲ್ಲ.