ಬುಧವಾರದ ಮೇಜು, ಖಾಲಿ ಕೋಷ್ಟಕ: ಅಧ್ಯಾಪಕರ ಸಂಶೋಧನೆಗೆ ಹೆಗಲು ಕೊಟ್ಟ ನನ್ನ ಅನುಭವ

ಮಧ್ಯ ಕರ್ನಾಟಕದ ಒಂದು ಖಾಸಗಿ ವೈದ್ಯಕೀಯ ಕಾಲೇಜಿನ ಸಂಶೋಧನಾ ಘಟಕವನ್ನು ನಾನು ಸುಮಾರು ಒಂಬತ್ತು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ಘಟಕವೆಂದರೆ ದೊಡ್ಡದೇನಲ್ಲ, ಗ್ರಂಥಾಲಯದ ಹಿಂದಿನ ಒಂದು ಕೋಣೆ, ಎರಡು ಕಂಪ್ಯೂಟರ್, ಒಂದು ಸ್ಟೀಲ್ ಬೀರು, ಮತ್ತು ಸಮುದಾಯ ವೈದ್ಯಶಾಸ್ತ್ರದ ಪಾಠದ ನಡುವೆ ಬಿಡುವು ಮಾಡಿಕೊಂಡು ಬರುವ ನಾನು. ಮೊದಲ ಆರೇಳು ವರ್ಷಗಳಲ್ಲಿ ಒಳ್ಳೆಯ ಸೂಚಿಗಳಲ್ಲಿರುವ (ಇಂಡೆಕ್ಸ್, ಅಂದರೆ ಮಾನ್ಯ ಸಂಶೋಧನಾ ಪತ್ರಿಕೆಗಳ ಪಟ್ಟಿ) ಪತ್ರಿಕೆಗಳಲ್ಲಿ ನಮ್ಮ ಅಧ್ಯಾಪಕರಿಂದ ಬಂದ ಮೂಲ ಸಂಶೋಧನಾ ಲೇಖನಗಳು ಹದಿನೈದನ್ನು ದಾಟಿರಲಿಲ್ಲ. ಕಳೆದ ಎರಡು ವರ್ಷಗಳಲ್ಲಿ ಮೂವತ್ತೆಂಟೋ ನಲವತ್ತೋ ಆಗಿವೆ. ಅಧ್ಯಾಪಕರು ಬುಧವಾರಗಳಂದು ನನ್ನ ಮೇಜಿಗೆ ಬಂದು, ದತ್ತಾಂಶ ಸಂಗ್ರಹಿಸುವ ಮುನ್ನವೇ ಅಧ್ಯಯನವನ್ನು ಯೋಜಿಸುವ ಪದ್ಧತಿಯನ್ನು ಮೊದಲು ಮುಂದಿಟ್ಟಾಗ ‘ಕ್ಲಿನಿಕಲ್ ವಿಭಾಗದವರು ಅಲ್ಲಿಗೆ ಬಂದು ಕೂರುತ್ತಾರೆಯೇ’ ಎಂದು ಸಭೆಯಲ್ಲಿ ನಕ್ಕ ಹಿರಿಯರಲ್ಲಿ ಇಬ್ಬರು ಈಗ ತಿಂಗಳಿಗೊಮ್ಮೆಯಾದರೂ ಬಂದು ಕೂರುತ್ತಾರೆ. ಇದೇ ಕೆಲಸದಲ್ಲಿರುವ ಬೇರೆ ಕಾಲೇಜುಗಳ ಮಿತ್ರರು ಕೇಳಿದ್ದರಿಂದ ನಡೆದದ್ದನ್ನು ಬರೆಯುತ್ತಿದ್ದೇನೆ.

ಮೊದಲು ಸೋಲಿನ ಲೆಕ್ಕ. ಎಲ್ಲರಂತೆ ನಾನೂ ಕಾರ್ಯಾಗಾರದಿಂದ ಆರಂಭಿಸಿದೆ. ಎರಡು ದಿನ, ಎಂಬತ್ತು ಮಂದಿ, ಬೆಂಗಳೂರಿನಿಂದ ಇಬ್ಬರು ಸಂಪನ್ಮೂಲ ವ್ಯಕ್ತಿಗಳು, ಚೀಲ, ಪೆನ್ನು, ಹೋಳಿಗೆಯ ಊಟ, ಕೊನೆಗೆ ಪ್ರಮಾಣಪತ್ರ. ಮೂರು ವರ್ಷಗಳಲ್ಲಿ ಇಂಥ ನಾಲ್ಕು ನಡೆದವು. ಒಂದೊಂದಕ್ಕೂ ಒಂದೂವರೆಯಿಂದ ಎರಡು ಲಕ್ಷ ರೂಪಾಯಿ ಖರ್ಚಾಯಿತು. ಬಂದವರು ಸಂಶೋಧನಾ ವಿನ್ಯಾಸಗಳ ಹೆಸರು ಕಲಿತು ಹೋದರು. ಆ ಚೀಲಗಳು ಈಗಲೂ ಆಸ್ಪತ್ರೆಯ ಕಾರಿಡಾರಿನಲ್ಲಿ ಊಟದ ಡಬ್ಬಿ ಹೊತ್ತು ಓಡಾಡುತ್ತಿವೆ. ಆ ನಾಲ್ಕು ಕಾರ್ಯಾಗಾರಗಳಿಂದ ಹುಟ್ಟಿತೆಂದು ಎದೆ ತಟ್ಟಿ ಹೇಳಬಹುದಾದ ಲೇಖನ ಒಂದೂ ಇಲ್ಲ. ಬಳಿಕ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಚೆನ್ನೈನ ಸಂಸ್ಥೆ ಎನ್‌ಐಇ ನಡೆಸುವ, ಸಂಶೋಧನೆಯ ಆನ್‌ಲೈನ್ ಮೂಲ ಕೋರ್ಸ್ ಅಧ್ಯಾಪಕರಿಗೆ ಕಡ್ಡಾಯವಾದ ಮೇಲಂತೂ ನಮ್ಮ ಉಪನ್ಯಾಸಗಳಿಗೆ ಅರ್ಥವೇ ಉಳಿಯಲಿಲ್ಲ. ಸಿದ್ಧಾಂತವನ್ನು ಅವರು ನಮಗಿಂತ ಚೆನ್ನಾಗಿಯೇ ಕಲಿಸುತ್ತಾರೆ.

ಎರಡನೆಯ ಸೋಲು ಬೀಜಧನದ್ದು, ಅಂದರೆ ಸಂಶೋಧನೆ ಶುರುಮಾಡಲು ಕೊಡುವ ಸಣ್ಣ ಮೊತ್ತದ್ದು. ಆಡಳಿತ ಮಂಡಳಿಯ ಕೈಕಾಲು ಹಿಡಿದು ವರ್ಷಕ್ಕೆ ಆರು ಲಕ್ಷ ಮಂಜೂರು ಮಾಡಿಸಿ, ಹನ್ನೆರಡು ಮಂದಿಗೆ ತಲಾ ಐವತ್ತು ಸಾವಿರದಂತೆ ಹಂಚಿದೆವು. ಎರಡು ಸಾವಿರ ರೂಪಾಯಿಯ ರಕ್ತಪರೀಕ್ಷಾ ಪಟ್ಟಿಗಳನ್ನು ಕೊಳ್ಳಲು ಮೂರು ಕೊಟೇಶನ್ ಬೇಕು, ಅವುಗಳ ತುಲನಾ ಪಟ್ಟಿ ಬೇಕು, ಅದಕ್ಕೆ ವಿಭಾಗ ಮುಖ್ಯಸ್ಥರ ಸಹಿ ಬೇಕು. ಹೀಗೆ ಕಡತ ತಿರುಗಿ ಬರುವ ಹೊತ್ತಿಗೆ ಆರು ತಿಂಗಳು ಕಳೆದು, ಮಾರ್ಚ್ 31ರಂದು ಅರ್ಧಕ್ಕಿಂತ ಹೆಚ್ಚು ಹಣ ಮರಳಿ ಹೋಯಿತು. ನಮ್ಮ ಅಧ್ಯಾಪಕರಿಗೆ ನಿಜವಾಗಿ ಕಡಿಮೆ ಇದ್ದದ್ದು ಹಣವಲ್ಲ, ಕೆಲಸ ಮಾಡುವ ಎರಡು ಕೈ ಎಂಬುದು ನನಗೆ ಹೊಳೆದದ್ದು ಆ ಖಾಲಿ ವೋಚರುಗಳನ್ನು ಜೋಡಿಸಿಡುವಾಗ.

ಇದರ ಜೊತೆಗೆ ನಾನೇ ತೆರೆದು ಕೂತ ಸಂಖ್ಯಾಶಾಸ್ತ್ರದ ಅಂಗಡಿಯೊಂದಿತ್ತು. ಸ್ನಾತಕೋತ್ತರ ಪ್ರಬಂಧ ಸಲ್ಲಿಸುವ ಗಡುವು ಹತ್ತಿರವಾದಂತೆ ಕೋಣೆಯ ಮುಂದೆ ಸಾಲು ಬೆಳೆಯುತ್ತಿತ್ತು: ‘ಸರ್, ಒಂದು ಪಿ ವ್ಯಾಲ್ಯೂ ಕೊಟ್ಟುಬಿಡಿ.’ ಸಂಖ್ಯಾಶಾಸ್ತ್ರದ ಪರೀಕ್ಷೆಯಿಂದ ಕೊನೆಗೆ ಬರುವ ಅಂಕಿ ಅದು. ತೆರೆದ ಎಕ್ಸೆಲ್ ಹಾಳೆಯಲ್ಲಿ ಲಿಂಗದ ಕಾಲಂನಲ್ಲಿಯೇ ಐದು ಬಗೆಯ ಬರಹ, ರಕ್ತದೊತ್ತಡದ ಎರಡೂ ಅಂಕಿಗಳು ಒಂದೇ ಮನೆಯಲ್ಲಿ, ನಡುನಡುವೆ ‘ರೋಗಿ ಬರಲಿಲ್ಲ’ ಎಂಬ ಟಿಪ್ಪಣಿ. ಕೇಳುವ ಪ್ರಶ್ನೆಗೆ ಬೇಕಾದ ಅಳತೆಯನ್ನೇ ತೆಗೆದುಕೊಂಡಿಲ್ಲವೆಂಬುದು ಸಾಮಾನ್ಯವಾಗಿ ಆಗ ತಿಳಿಯುತ್ತಿತ್ತು. ಮಾದರಿ ಗಾತ್ರ, ಅಂದರೆ ಅಧ್ಯಯನಕ್ಕೆ ಸೇರಿಸಿಕೊಳ್ಳುವವರ ಸಂಖ್ಯೆ, ಒಂದೋ ಮೂವತ್ತು-ಮೂವತ್ತು, ಇಲ್ಲವೇ ನಮ್ಮ ಕ್ಷೇತ್ರದವರೆಲ್ಲ ಕಣ್ಣು ಮುಚ್ಚಿ ಹೇಳುವ 384. ಯಾಕೆ ಎಂದರೆ ‘ಕಳೆದ ಬ್ಯಾಚಿನವರೂ ಅಷ್ಟೇ ತೆಗೆದುಕೊಂಡಿದ್ದರು.’

ಕೊನೆಯ ಪೆಟ್ಟು ಬಿದ್ದದ್ದು ಅರಿವಳಿಕೆ ವಿಭಾಗದ ಒಂದು ಅಧ್ಯಯನದಲ್ಲಿ. ತೊಂಬತ್ತು ರೋಗಿಗಳು, ಎರಡು ಔಷಧಿ ಪ್ರಮಾಣಗಳ ಹೋಲಿಕೆ, ಹದಿನೆಂಟು ತಿಂಗಳ ಪ್ರಾಮಾಣಿಕ ದುಡಿಮೆ. ನೈತಿಕ ಸಮಿತಿಯ ಒಪ್ಪಿಗೆ ಇತ್ತು, ಚಿಕಿತ್ಸಾ ಪ್ರಯೋಗಗಳ ರಾಷ್ಟ್ರೀಯ ದಾಖಲೆಯಾದ ಸಿಟಿಆರ್‌ಐಯಲ್ಲಿ ನೋಂದಣಿ ಇರಲಿಲ್ಲ. 2007ರಲ್ಲಿ ಆರಂಭವಾದ ಆ ನೋಂದಣಿ ವ್ಯವಸ್ಥೆ 2018ರ ಏಪ್ರಿಲ್ 1ರಿಂದ ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುನ್ನವೇ ಬಂದ ಅರ್ಜಿಗಳನ್ನು ಮಾತ್ರ ತೆಗೆದುಕೊಳ್ಳುತ್ತದೆಂಬುದು ನನಗೆ ಗೊತ್ತಿತ್ತು. ಆದರೂ ಕಡತಕ್ಕೆ ‘ಪರಿಶೀಲಿಸಿದೆ’ ಎಂದು ಸಹಿ ಹಾಕಿದವನು ನಾನೇ. ನೋಂದಣಿಯಿಲ್ಲವೆಂದು ಮೂರು ಪತ್ರಿಕೆಗಳು ಲೇಖನವನ್ನು ಓದದೆಯೇ ಹಿಂದಿರುಗಿಸಿದವು. ಆ ಅಧ್ಯಾಪಕಿ ನನಗೆ ಒಂದು ಮಾತನ್ನೂ ಅನ್ನಲಿಲ್ಲ, ಅದೇ ಹೆಚ್ಚು ನೋಯಿಸಿತು.

ಆ ಜೂನ್‌ನಲ್ಲಿ ಅಂಗಡಿ ಮುಚ್ಚಿದೆ. ದತ್ತಾಂಶ ಹೊತ್ತು ತಂದವರಿಗೆ ಸಹಾಯವಿಲ್ಲ, ಪ್ರಶ್ನೆ ಹೊತ್ತು ತಂದವರಿಗೆ ಮಾತ್ರ ಎಂದು ಸುತ್ತೋಲೆ ಹೊರಡಿಸಿದೆ. ಗ್ರಂಥಾಲಯದ ಹಿಂದಿನ ಕೋಣೆ ಬಿಟ್ಟು, ಶಸ್ತ್ರಚಿಕಿತ್ಸಾ ಕೊಠಡಿಗಳ ಪಕ್ಕದಲ್ಲಿ ವೈದ್ಯರು ಕಾಫಿ ಕುಡಿಯುವ ಜಾಗದಲ್ಲಿ ಒಂದು ಮೇಜು ಹಾಕಿಸಿಕೊಂಡೆ. ಬುಧವಾರ ಮಧ್ಯಾಹ್ನ ಎರಡರಿಂದ ನಾಲ್ಕೂವರೆ. ಮೊದಲ ಐದು ಬುಧವಾರ ಒಬ್ಬರೂ ಬರಲಿಲ್ಲ. ನಾನು ಎಂಟು ಕಾಫಿ ಕುಡಿದು ಉತ್ತರಪತ್ರಿಕೆ ತಿದ್ದಿದೆ. ಆರನೆಯ ವಾರ ಬಂದವರನ್ನು ಕರೆತಂದದ್ದು ಹೇಗೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದರಲ್ಲಿ ಪ್ರಾಂಶುಪಾಲರ ಸಹಕಾರವಿತ್ತು, ಬಡ್ತಿಗೆ ಪ್ರಕಟಣೆ ಬೇಕೆಂಬ ನಿಯಮದ ನೆರವೂ ಇತ್ತು ಎಂದಷ್ಟೇ ಹೇಳುತ್ತೇನೆ.

ಮೇಜಿನ ಮೇಲೆ ನಡೆಯುವುದು ಒಂದೇ ಕೆಲಸ. ಬಂದವರ ಮುಂದೆ ಬಿಳಿ ಹಾಳೆಯಿಟ್ಟು, ಎರಡು ವರ್ಷದ ನಂತರ ನಿಮ್ಮ ಲೇಖನದಲ್ಲಿ ಬರುವ ಕೋಷ್ಟಕಗಳನ್ನು ಈಗಲೇ, ಅಂಕಿಗಳಿಲ್ಲದೆ, ಬರೆಯಿರಿ ಎನ್ನುತ್ತೇನೆ. ಶಸ್ತ್ರಚಿಕಿತ್ಸಾ ವಿಭಾಗದ ಹಿರಿಯರೊಬ್ಬರ ಉದಾಹರಣೆ ಕೊಡುತ್ತೇನೆ. ಮಧುಮೇಹಿಗಳ ಪಾದದ ಹುಣ್ಣಿಗೆ ನಿರ್ವಾತ ಡ್ರೆಸಿಂಗ್ (ಗಾಯದ ದ್ರವವನ್ನು ಯಂತ್ರದಿಂದ ಹೀರುವ ಪಟ್ಟಿ) ಮತ್ತು ಮಾಮೂಲಿ ಡ್ರೆಸಿಂಗ್‌ಗಳ ಹೋಲಿಕೆ ಅವರ ವಿಷಯ. ಹುಣ್ಣಿನ ವಿಸ್ತೀರ್ಣ ಎಂದು ಸಾಲು ಬರೆದು, ಮೊದಲ ದಿನ, ಏಳನೆಯ ದಿನ, ಇಪ್ಪತ್ತೆಂಟನೆಯ ದಿನ ಎಂದು ಕಾಲಂ ಎಳೆದರು.

‘ಸರ್, ಇಪ್ಪತ್ತೆಂಟನೆಯ ದಿನ ರೋಗಿ ಎಲ್ಲಿರುತ್ತಾನೆ?’ ಎಂದೆ.

‘ಊರಲ್ಲಿ.’

‘ಹುಣ್ಣಿನ ಮೇಲೆ ಪಾರದರ್ಶಕ ಹಾಳೆಯಿಟ್ಟು ಗುರುತು ಹಾಕಿ, ಗ್ರಾಫ್ ಹಾಳೆಯಲ್ಲಿ ಚೌಕ ಎಣಿಸುವವರು ಯಾರು?’

ಅವರು ಪೆನ್ನಿನ ಮುಚ್ಚಳವನ್ನು ಹಾಕಿ, ತೆಗೆದು, ಮತ್ತೆ ಹಾಕಿದರು. ಸುಗ್ಗಿಯ ಕಾಲದಲ್ಲಿ ಅವರ ರೋಗಿಗಳಲ್ಲಿ ಅರ್ಧದಷ್ಟು ಮಂದಿಯೂ ಮರಳಿ ಬರುವುದಿಲ್ಲವೆಂಬುದು ನನಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು. ಕೊನೆಗೆ ಆ ಕಾಲಂ ಹೊಡೆದು ಹಾಕಿ, ಗಾಯವು ಚರ್ಮದ ಕಸಿಗೆ ಸಿದ್ಧವಾಗಲು ಎಷ್ಟು ದಿನ ಹಿಡಿಯಿತು ಎಂಬುದನ್ನೇ ಮುಖ್ಯ ಫಲಿತಾಂಶವಾಗಿ ಇಟ್ಟುಕೊಂಡರು, ಏಕೆಂದರೆ ಅಷ್ಟು ಹೊತ್ತಿಗೆ ರೋಗಿ ಇನ್ನೂ ವಾರ್ಡಿನಲ್ಲಿಯೇ ಇರುತ್ತಾನೆ. ಸಿದ್ಧವೋ ಇಲ್ಲವೋ ಎಂದು ತೀರ್ಮಾನಿಸುವ ಕೆಲಸವನ್ನು, ಯಾವ ಡ್ರೆಸಿಂಗ್ ಎಂದು ತಿಳಿಯದ ಬೇರೆ ಯೂನಿಟ್ಟಿನ ವೈದ್ಯರಿಗೆ ಒಪ್ಪಿಸಿದರು. ಐವತ್ತು ನಿಮಿಷ, ಒಂದು ಹಾಳೆ. ಈ ಹಾಳೆ ಮುಗಿಯದೆ ಮಾದರಿ ಗಾತ್ರದ ಮಾತನ್ನು ನಾನು ಎತ್ತುವುದೇ ಇಲ್ಲ.

ಎರಡನೆಯ ಬದಲಾವಣೆ ಆ ‘ಎರಡು ಕೈ’. ಐದನೆಯ ಕಾರ್ಯಾಗಾರಕ್ಕೆಂದು ಇಟ್ಟಿದ್ದ ಹಣವನ್ನು ತಿರುಗಿಸಿ, ಬಿಎಸ್ಸಿ ಓದಿದ ಒಬ್ಬ ಯುವತಿಯನ್ನು ತಿಂಗಳಿಗೆ ಹದಿನೈದು ಸಾವಿರಕ್ಕೆ ನೇಮಿಸಿಕೊಂಡೆವು. ವರ್ಷಕ್ಕೆ ಒಂದು ಲಕ್ಷ ಎಂಬತ್ತು ಸಾವಿರ. ವಾರ್ಡಿನಿಂದ ನಮೂನೆಗಳನ್ನು ಸಂಗ್ರಹಿಸುವುದು, ಅದೇ ದಿನ ನಮೂದಿಸುವುದು, ಖಾಲಿ ಬಿಟ್ಟ ಮನೆಗಳಿಗೆ ಸಂಜೆಯೊಳಗೆ ರೆಸಿಡೆಂಟ್ ವೈದ್ಯರನ್ನು ಹುಡುಕಿ ಹಿಡಿಯುವುದು ಅವರ ಕೆಲಸ. ಮೊದಮೊದಲು ರೆಸಿಡೆಂಟರು ಅವರನ್ನು ಕಂಡರೆ ಮೆಟ್ಟಿಲ ಕಡೆ ತಿರುಗುತ್ತಿದ್ದರು. ಆರು ತಿಂಗಳೊಳಗೆ ಅಪೂರ್ಣ ನಮೂನೆಗಳು ಮೂರಕ್ಕೆ ಒಂದರಿಂದ ಇಪ್ಪತ್ತಕ್ಕೆ ಒಂದಕ್ಕೆ ಇಳಿದವು. ಸಂಖ್ಯಾಶಾಸ್ತ್ರದ ತಂತ್ರಾಂಶ ಎಸ್‌ಪಿಎಸ್‌ಎಸ್‌ನ ಕೊಟೇಶನ್ ನೋಡಿ ಲೆಕ್ಕಪತ್ರ ವಿಭಾಗ ಕಡತ ಮುಚ್ಚಿದ್ದೂ ಒಳ್ಳೆಯದೇ ಆಯಿತು; ದತ್ತಾಂಶ ಸಂಗ್ರಹಿಸುವ ಎಪಿಕಲೆಕ್ಟ್ ಮತ್ತು ವಿಶ್ಲೇಷಿಸುವ ಜಮೋವಿ ಎಂಬ ಉಚಿತ ತಂತ್ರಾಂಶಗಳಲ್ಲಿ ನಮ್ಮ ಕೆಲಸ ಬಿಡಿಗಾಸಿಲ್ಲದೆ ನಡೆಯುತ್ತಿದೆ. ದತ್ತಾಂಶ ನಿರ್ವಹಣೆಯ ರೆಡ್‌ಕ್ಯಾಪ್ ತಂತ್ರಾಂಶ ಹಾಕಿಸಲು ಹೋಗಿ ಸರ್ವರ್ ನೋಡಿಕೊಳ್ಳುವವರಿಲ್ಲದೆ ನಾಲ್ಕು ತಿಂಗಳು ಕಳೆದುಕೊಂಡೆ. ಅಂಥವರು ಇಲ್ಲದಿದ್ದರೆ ಆ ಗೋಜಿಗೆ ಹೋಗಬೇಡಿ.

ಲಕೋಟೆಗಳ ವಿಷಯವನ್ನೂ ಹೇಳಬೇಕು. ಯಾವ ರೋಗಿ ಯಾವ ಚಿಕಿತ್ಸೆಯ ಗುಂಪಿಗೆ ಎಂಬ ಚೀಟಿಯಿರುವ ಲಕೋಟೆಗಳನ್ನು ಮೊದಲು ವಿಭಾಗಗಳೇ ತಯಾರಿಸುತ್ತಿದ್ದವು. ಒಂದು ಅಧ್ಯಯನದಲ್ಲಿ ವಯಸ್ಸಾದ ರೋಗಿಗಳೆಲ್ಲ ಒಂದೇ ಗುಂಪಿಗೆ ಬೀಳುತ್ತಿರುವುದನ್ನು ಕಂಡು ವಿಚಾರಿಸಿದಾಗ, ಲಕೋಟೆಯನ್ನು ಟ್ಯೂಬ್‌ಲೈಟಿಗೆ ಹಿಡಿದರೆ ಒಳಗಿನ ಅಕ್ಷರ ಕಾಣುತ್ತದೆಂದು ಒಬ್ಬ ರೆಸಿಡೆಂಟ್ ಮುಗ್ಧವಾಗಿ ಒಪ್ಪಿಕೊಂಡ. ಅವನ ಉದ್ದೇಶ ಕೆಟ್ಟದಾಗಿರಲಿಲ್ಲ. ಅಜ್ಜಂದಿರಿಗೆ ಹಳೆಯ ಔಷಧಿಯೇ ಕ್ಷೇಮವೆಂದು ಅವನ ಎಣಿಕೆ. ಈಗ ಪಟ್ಟಿ ತಯಾರಾಗುವುದು ನನ್ನ ಕೋಣೆಯಲ್ಲಿ, ಚೀಟಿಯ ಸುತ್ತ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ, ಲಕೋಟೆಯ ಮೇಲೆ ಕ್ರಮಸಂಖ್ಯೆ, ಬೀರುವಿನ ಕೀ ನನ್ನ ಬಳಿ. ರೋಗಿಯ ಹೆಸರನ್ನು ಲಕೋಟೆಯ ಮೇಲೆ ಬರೆದ ನಂತರವೇ ಅದನ್ನು ಹರಿಯಬೇಕು. ಬ್ಲಾಕ್ ಗಾತ್ರವನ್ನು, ಅಂದರೆ ಎಷ್ಟೆಷ್ಟು ರೋಗಿಗಳಿಗೊಮ್ಮೆ ಗುಂಪುಗಳು ಸಮನಾಗುತ್ತವೆ ಎಂಬುದನ್ನು, ನಾನು ಯಾರಿಗೂ ಹೇಳುವುದಿಲ್ಲ, ಪ್ರಾಂಶುಪಾಲರಿಗೂ.

ನೈತಿಕ ಸಮಿತಿಯಲ್ಲಿ ಮೊದಲು ಹತ್ತು ಅರ್ಜಿಗಳಲ್ಲಿ ಏಳು ಹಿಂದಿರುಗುತ್ತಿದ್ದವು, ಅದೂ ಬಹುಪಾಲು ಒಂದೇ ಕಾರಣಕ್ಕೆ: ಕನ್ನಡದ ಒಪ್ಪಿಗೆ ಪತ್ರ. ಆಂಗ್ಲ ನಮೂನೆಯನ್ನು ಪದಕ್ಕೆ ಪದ ಇಳಿಸಿ, ‘ಯಾದೃಚ್ಛಿಕವಾಗಿ ವಿಂಗಡಿಸಲಾಗುವುದು’, ‘ಸ್ವಯಂಪ್ರೇರಿತ ಸಹಭಾಗಿತ್ವ’ ಎಂದೆಲ್ಲ ಬರೆದು ತರುತ್ತಿದ್ದರು. ಅದನ್ನು ಸರಿಪಡಿಸಲು ನಾನೊಂದು ಸಣ್ಣ ಪ್ರಯೋಗ ಮಾಡಿದೆ. ಕರಡನ್ನು ಹೊರರೋಗಿ ವಿಭಾಗದಲ್ಲಿ ಕಾಯುತ್ತಿದ್ದ ಹತ್ತು ಮಂದಿಗೆ ಓದಿ ಹೇಳಿ, ಅವರಿಗೆ ತಿಳಿದದ್ದನ್ನು ಅವರ ಮಾತಿನಲ್ಲಿಯೇ ತಿರುಗಿ ಹೇಳಿಸಿದೆ. ಜಗಳೂರು ಕಡೆಯಿಂದ ಬಂದಿದ್ದ ಒಬ್ಬ ಅಜ್ಜಿ, ಚೀಟಿ ಎತ್ತಿದ ಹಾಗೆ ಎರಡರಲ್ಲಿ ಒಂದು ಔಷಧಿ ಸಿಗುತ್ತದೆಂದು ನಾನು ವಿವರಿಸಿದಾಗ, ‘ಅಲ್ಲಪ್ಪಾ, ಯಾವ್ದು ಛಲೋ ಅಂತ ನಿಮಗೇ ಗೊತ್ತಿಲ್ಲೇನು?’ ಎಂದು ಕೇಳಿದರು. ಅಧ್ಯಯನ ನಡೆಸಲು ಇರಬೇಕಾದ ನೈತಿಕ ಆಧಾರವನ್ನು ಇಷ್ಟು ಸರಿಯಾಗಿ ಯಾವ ಸಂಪನ್ಮೂಲ ವ್ಯಕ್ತಿಯೂ ನಮಗೆ ಹೇಳಿರಲಿಲ್ಲ. ಈಗ ನಮ್ಮ ಎಲ್ಲ ಹೋಲಿಕೆ ಅಧ್ಯಯನಗಳ ಒಪ್ಪಿಗೆ ಪತ್ರಗಳ ಮೊದಲ ವಾಕ್ಯ ಹೀಗಿದೆ: ‘ಈ ಎರಡು ಚಿಕಿತ್ಸೆಗಳಲ್ಲಿ ಯಾವುದು ಹೆಚ್ಚು ಒಳ್ಳೆಯದು ಎಂಬುದು ವೈದ್ಯರಿಗೂ ಇನ್ನೂ ತಿಳಿದಿಲ್ಲ, ಅದನ್ನು ತಿಳಿಯಲೆಂದೇ ಈ ಅಧ್ಯಯನ.’ ವೈದ್ಯರ ಮರ್ಯಾದೆ ಹೋಗುತ್ತದೆಂದು ಇಬ್ಬರು ಪ್ರಾಧ್ಯಾಪಕರು ಬಲವಾಗಿ ವಿರೋಧಿಸಿದರು. ಸಮಿತಿಯ ಅಧ್ಯಕ್ಷರು ನಿಯಮದಂತೆ ಹೊರಗಿನವರು. ಅವರು ಆ ವಾಕ್ಯವನ್ನು ಉಳಿಸಿದರು. 5 ಮಿಲಿಲೀಟರ್ ರಕ್ತ ಎನ್ನುವಲ್ಲಿ ‘ಒಂದು ಸಣ್ಣ ಚಮಚದಷ್ಟು’ ಎಂದು ಬರೆದ ಮೇಲೆ ಒಲ್ಲೆ ಎನ್ನುವವರೂ ಕಡಿಮೆಯಾದರು.

ಶುಶ್ರೂಷಾ ಕಾಲೇಜಿನವರನ್ನು ಈ ಮೇಜಿಗೆ ಕರೆಯಲು ತಡಮಾಡಿದ್ದು ನನ್ನ ತಪ್ಪು. ಅವರಿಂದ ಬರುವುದೆಲ್ಲ ‘ಬೋಧನಾ ಕಾರ್ಯಕ್ರಮದ ಮುನ್ನ ಮತ್ತು ನಂತರದ ಜ್ಞಾನದ ಮಟ್ಟ’ ಎಂಬ ಒಂದೇ ಅಚ್ಚಿನ ಅಧ್ಯಯನಗಳೆಂಬ ತಾತ್ಸಾರ ನನಗೂ ಇತ್ತು. ಆದರೆ ರೋಗಿಯ ಪಕ್ಕದಲ್ಲಿ ಎಂಟು ಗಂಟೆ ಇರುವವರು ಅವರೇ. ರಕ್ತನಾಳದೊಳಗೆ ಕ್ಯಾನುಲಾ (ಔಷಧಿ ಹರಿಸುವ ಸಣ್ಣ ಕೊಳವೆ) ಹಾಕಿದ ಜಾಗ ಎಷ್ಟನೆಯ ದಿನ ಊದಿಕೊಳ್ಳುತ್ತದೆ ಎಂಬ ಸರಳ ಪ್ರಶ್ನೆ ಹಿಡಿದು ಮೂವರು ಉಪನ್ಯಾಸಕಿಯರು ಮಾಡಿದ ಕೆಲಸ, ಕಳೆದ ವರ್ಷ ನಮ್ಮಲ್ಲಿ ತಿದ್ದುಪಡಿಗಳು ಅತ್ಯಂತ ಕಡಿಮೆ ಬಂದು ಸ್ವೀಕೃತವಾದ ಲೇಖನ. ವಿದ್ಯಾರ್ಥಿಗಳ ಕಿರು ಸಂಶೋಧನೆಗೆ ನೆರವು ನೀಡುವ ಐಸಿಎಂಆರ್‌ನ ಎಸ್‌ಟಿಎಸ್ ಯೋಜನೆಯನ್ನೂ ನಾನು ಗಾಳದಂತೆ ಬಳಸುತ್ತೇನೆ: ಎಂಬಿಬಿಎಸ್ ವಿದ್ಯಾರ್ಥಿಯೊಬ್ಬ ಎರಡು ತಿಂಗಳ ಯೋಜನೆ ಹಿಡಿದು ಬಾಗಿಲ ಮುಂದೆ ನಿಂತರೆ, ಹತ್ತು ವರ್ಷ ಏನೂ ಬರೆಯದ ಅಧ್ಯಾಪಕರೂ ‘ಆಗಲಿ’ ಎನ್ನುತ್ತಾರೆ.

ಪ್ರಕಟಣೆಯ ಹಂತದಲ್ಲಿ ಹಣ ಕಳೆದುಕೊಳ್ಳುವುದು ಇನ್ನೂ ಪೂರ್ತಿ ನಿಂತಿಲ್ಲ. ‘ಮಾನ್ಯ ಪ್ರಾಧ್ಯಾಪಕರೇ’ ಎಂದು ಶುರುವಾಗುವ ಮಿಂಚಂಚೆ ನಂಬಿ, ಬಡ್ತಿಯ ಅವಸರದಲ್ಲಿ ಹದಿನೆಂಟು ಸಾವಿರ ಕಟ್ಟಿ, ನಾಲ್ಕೇ ದಿನದಲ್ಲಿ ಸ್ವೀಕೃತಿ ಪತ್ರ ಪಡೆದ ಸಹೋದ್ಯೋಗಿಯ ಲೇಖನ ಬಡ್ತಿಯ ಪರಿಶೀಲನೆಯಲ್ಲಿ ಲೆಕ್ಕಕ್ಕೆ ಬರಲಿಲ್ಲ. ಈಗ ಹಣ ಕಟ್ಟುವ ಮುನ್ನ ಪತ್ರಿಕೆಯ ಹೆಸರು ನನಗೆ ತೋರಿಸಬೇಕೆಂಬ ಒಪ್ಪಂದವಿದೆ. ಸೂಚಿಗಳ ಸ್ವಂತ ತಾಣಗಳಲ್ಲಿ ಹುಡುಕುತ್ತೇನೆ, ಪತ್ರಿಕೆಯ ತಾಣ ಹೇಳಿಕೊಂಡದ್ದನ್ನು ನಂಬುವುದಿಲ್ಲ. ಶುಲ್ಕವಿಲ್ಲದೆ ಪ್ರಕಟಿಸುವ, ನಮ್ಮಂಥವರ ಕೆಲಸವನ್ನು ತಾಳ್ಮೆಯಿಂದ ಓದುವ ಹದಿನೇಳು ಪತ್ರಿಕೆಗಳ ಪಟ್ಟಿಯೊಂದನ್ನು ಮಾಡಿಕೊಂಡಿದ್ದೇನೆ; ಕ್ಷಮಿಸಿ, ಅದು ನಮ್ಮ ಕಾಲೇಜಿನ ಆಸ್ತಿ. ನಮ್ಮ ವಿಶ್ವವಿದ್ಯಾಲಯದ ಡಿಜಿಟಲ್ ಗ್ರಂಥಾಲಯ ಜಾಲವಾದ ಹೆಲಿನೆಟ್ ಮೂಲಕ ಪೂರ್ಣ ಲೇಖನಗಳು ಸಿಗುತ್ತವೆಂಬುದನ್ನೇ ತಿಳಿಯದ ಅಧ್ಯಾಪಕರು ಅರ್ಧಕ್ಕರ್ಧ ಇದ್ದರು. ಪಾಸ್‌ವರ್ಡ್ ಕೊಡಿಸಿದ್ದೇ ನನ್ನ ಅತ್ಯಂತ ಅಗ್ಗದ ಸೇವೆಯಾಯಿತು.

ಎಲ್ಲವೂ ನಡೆಯಿತು ಎಂದಲ್ಲ. ವಾಟ್ಸ್ಆಪಿನ ಲೇಖನ ಚರ್ಚಾ ಗುಂಪು ಮೂರನೆಯ ವಾರಕ್ಕೆ ಹುಟ್ಟುಹಬ್ಬದ ಶುಭಾಶಯಗಳ ಗುಂಪಾಯಿತು. ಶನಿವಾರದ ಬರವಣಿಗೆ ಶಿಬಿರಕ್ಕೆ ಕ್ಲಿನಿಕ್ ಇರುವವರು ಬರಲಿಲ್ಲ. ಸ್ತ್ರೀರೋಗ ವಿಭಾಗದ ಒಂದು ಯೂನಿಟ್ ಇಂದಿಗೂ ಮೇಜಿನ ಹತ್ತಿರ ಸುಳಿದಿಲ್ಲ. ಅವರು ರಾತ್ರಿಯಿಡೀ ಹೆರಿಗೆ ಮಾಡಿಸಿ ಮಧ್ಯಾಹ್ನ ಎರಡಕ್ಕೆ ನನ್ನೆದುರು ಕೋಷ್ಟಕ ಎಳೆಯಬೇಕೆಂದು ನಿರೀಕ್ಷಿಸಿದ್ದೇ ತಪ್ಪಿರಬೇಕು. ಮುಂದಿನ ತಿಂಗಳಿನಿಂದ ಸೋಮವಾರ ಬೆಳಿಗ್ಗೆ ಏಳೂವರೆಗೆ, ಅವರ ಡ್ಯೂಟಿ ಬದಲಾಗುವ ಹೊತ್ತಿಗೆ, ಹೆರಿಗೆ ವಾರ್ಡಿನ ಪಕ್ಕದ ಕೋಣೆಯಲ್ಲಿ ಕೂರಲು ಅನುಮತಿ ಕೇಳಿದ್ದೇನೆ. ದತ್ತಾಂಶ ನೋಡಿಕೊಳ್ಳುವ ಯುವತಿಯ ಸಂಬಳವನ್ನು ಹದಿನೆಂಟು ಸಾವಿರಕ್ಕೆ ಏರಿಸುವ ಕಡತವೂ ಅದರ ಜೊತೆಗೇ ಹೋಗಿದೆ. ಮೂರು ವಾರಗಳಿಂದ ಲೆಕ್ಕಪತ್ರ ವಿಭಾಗದಲ್ಲಿದೆ.